ಆಗಸ್ಟಿನ ಅಂಕ

ಜೋಲೀನ್, ಪರೀಕ್ಷೆ ಬರೆದು ಮುಗಿಸಿದ ಹುಡುಗಿಯ ಮುಂದಿದ್ದ ಕಂಪ್ಯೂಟರನ್ನು ತನ್ನ ಕಡೆ ತಿರುಗಿಸಿಕೊಂಡು, ಕನ್ನಡಕ ಸರಿಮಾಡಿಕೊಂಡು, ಅಂಕಗಳನ್ನು ಎರಡೆರಡು ಸಲ ಓದಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ವೇಯ್ನ್ ಹಕ್ಕಲಾನ ಕಡೆ ನೋಡಿ ನಕ್ಕಳು. "ಉಸಿರು ಬಿಡೋ ಮಾರಾಯ. ಪಾಸು. ಆಗಸ್ಟಲ್ಲಿ ಎಷ್ಟು ಬಂದಿತ್ತೋ ಸರಿಯಾಗಿ ಅಷ್ಟೇ ಬಂದಿದೆ." ಶಾಲೆಯ ಆಟಗಾರರ ಪೆಟ್ಟು-ಗಾಯ ನೋಡಿಕೊಳ್ಳುವ ಜೋಲೀನ್, ವೇಯ್ನ್ ಜೊತೆ ಇದೇ ಶಾಲೆಯಲ್ಲಿ ಓದಿದವಳು. ಸಹಿ ಮಾಡಿಸುವ ಕಾಗದ ತರುತ್ತೇನೆಂದು ಅವಳು ಆಫೀಸಿನ ಕಡೆ ಹೋದಳು.

ಒಂಬತ್ತು ದಿನದ ಹಿಂದೆ ಐಸ್ ಹಾಕಿ ಆಡುವಾಗ ಬಿಲ್ಲೆಯ ಬೆನ್ನಟ್ಟಿ ಹೋದ ವೇಯ್ನ್‌ನ ಮಗಳು ಬ್ರಿಟಾ, ಐಸಿನ ಅಂಗಳದ, ಅಂದರೆ ರಿಂಕಿನ, ಸುತ್ತಲ ಹಲಗೆಗೆ ತಲೆ ಬಡಿದುಕೊಂಡು ಬಿದ್ದಿದ್ದಳು. ಮಿನೆಸೋಟಾದ ಈ ಮೂಲೆಯಲ್ಲಿ ಹೆಣ್ಣುಮಕ್ಕಳು ನಡೆಯಲು ಕಲಿಯುವ ಮೊದಲೇ ಐಸಿನ ಮೇಲೆ ಜಾರಲು ಕಲಿಯುತ್ತಾರೆ, ನಿಜ. ಆದರೂ ಇಂಥವಳು ನಮ್ಮೂರಲ್ಲಿ ಹುಟ್ಟಿರಲಿಲ್ಲ. ಎಂಟನೆಯ ತರಗತಿಗೇ ಹೈಸ್ಕೂಲಿನ ಐಸ್ ಹಾಕಿ ತಂಡ ಸೇರಿದವಳು, ಐದು ವರ್ಷದಲ್ಲಿ ಇನ್ನೂರ ಹನ್ನೊಂದು ಗೋಲು ಹೊಡೆದಿದ್ದಳು. ಗಣಿಯಿಂದ ಬಂದು ಬಿಯರ್ ಮುಂದೆ ಕೂತ ಗಂಡಸರು ಹುಡುಗರ ತಂಡವನ್ನು ಬಿಟ್ಟು ಇವಳ ಮಾತಾಡುತ್ತಿದ್ದರು. ನಮ್ಮೂರಲ್ಲಿ ಇದೇನು ಸಣ್ಣ ಮಾತಲ್ಲ. ನಾಳೆ ಫೈನಲ್. ಬ್ರಿಟಾಳನ್ನು ನೋಡಲೆಂದೇ ವಿಶ್ವವಿದ್ಯಾಲಯದ ಕೋಚ್ ಬರುವವರಿದ್ದರು. ಅವರು ಹೂಂ ಅಂದರೆ ಮುಂದಿನ ನಾಲ್ಕು ವರ್ಷದ ಓದು, ಆಟ ಎರಡೂ ಅವಳ ಪಾಲಿಗೆ.

ಈ ಪರೀಕ್ಷೆಯನ್ನು ಆಟದ ಋತು ಶುರುವಾಗುವ ಮೊದಲೇ, ತಲೆ ನೆಟ್ಟಗಿರುವಾಗಲೇ, ಎಲ್ಲರೂ ಒಮ್ಮೆ ಬರೆಯಬೇಕು. ಹನ್ನೆರಡು ಪದ ತೋರಿಸಿ ಮರೆಮಾಡುತ್ತಾರೆ, ನೆನಪಿನಿಂದ ಬರೆಯಬೇಕು. ಮುಂದೆ ತಲೆಗೆ ಪೆಟ್ಟು ಬಿದ್ದರೆ ಮತ್ತೆ ಬರೆಸಿ ಹೋಲಿಸುತ್ತಾರೆ. ಅಂಕ ಇಳಿದಿದ್ದರೆ ಆಟ ಬಂದ್. ಆದರೆ ಡಾಕ್ಟರು ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ನಮ್ಮೂರಿನ ಅಪ್ಪಂದಿರು. ಆಗಸ್ಟಿನಲ್ಲಿ ವೇಯ್ನ್ ಮಗಳಿಗೆ ಹೇಳಿಕೊಟ್ಟಿದ್ದ: "ಬೇಕಂತಲೇ ತಪ್ಪು ಬರಿ. ಸಿಕ್ಕಿಬೀಳೋಷ್ಟಲ್ಲ, ಅರ್ಧಕ್ಕರ್ಧ. ಆಮೇಲೆ ಪೆಟ್ಟು ಬಿದ್ರೂ ನಿನ್ನನ್ನ ಯಾರೂ ಬೆಂಚಲ್ಲಿ ಕೂರ್ಸೋಕಾಗಲ್ಲ." ತರಗತಿಗೇ ಮೊದಲು ಬರುವ ಹುಡುಗಿ, ಅಪ್ಪ ಹೇಳಿದ ಹಾಗೆಯೇ ದಡ್ಡಿಯಾಗಿದ್ದಳು.

ಈಗ ಅವನು ಮಗಳ ಪಕ್ಕ ಕೂತು ಪಿಸುಗುಟ್ಟಿದ. "ಭಲೇ ಚಾಲಾಕಿ ಕಣೇ ನೀನು! ಸರಿಯಾಗಿ ಅಷ್ಟೇ ಬರೋ ಹಂಗೆ ತಪ್ಪು ಮಾಡೋದು ಹೆಂಗೆ ಸಾಧ್ಯ ಆಯ್ತು?"

ಬ್ರಿಟಾ ತಲೆ ಎತ್ತಲಿಲ್ಲ. "ಈ ಸಲ ತಪ್ಪು ಮಾಡ್ಲಿಲ್ಲ ಅಪ್ಪ."

"ಅಂದ್ರೆ?"

"ಎಲ್ಲಾ ಸರಿಯಾಗೇ ಬರಿಯೋಕೆ ನೋಡ್ದೆ. ಆರು ಪದ ಆದ್ಮೇಲೆ ಏನೂ ಬರ್ಲೇ ಇಲ್ಲ." ಆಮೇಲೆ ಕೇಳಿದಳು, "ನಾಳೆ ಆಡ್ಲಾ, ಬೇಡ್ವಾ? ನೀನೇ ಹೇಳಪ್ಪ. ಬೇಡ ಅಂದ್ರೆ ನಂಗೆ ಬೇಜಾರಿಲ್ಲ."

ಮಗಳಿಗೆ ಬೇಜಾರಿಲ್ಲ ಎಂಬ ಮಾತು ವೇಯ್ನ್‌ಗೆ ಕೇಳಿಸಿತ್ತು, ಕೇಳಿಸಲಿಲ್ಲ ಎನ್ನುವಂತಿರಲಿಲ್ಲ. ಅಷ್ಟರಲ್ಲಿ ಜೋಲೀನ್ ಕಾಗದ ಹಿಡಿದು ಒಳಗೆ ಬಂದಳು.

"ಡಾಕ್ಟರು ಅಂಕ ನೋಡಿ ಒಪ್ಪಿದ್ದಾರೆ. ನಿಂದೊಂದು ಸಹಿ ಹಾಕಿಬಿಡು." ಕೊಡುವ ಮುಂಚೆ ಕಾಗದವನ್ನು ಸ್ವಲ್ಪ ಹಿಂದಕ್ಕೆಳೆದುಕೊಂಡಳು. "ಮಷೀನು ಏನಾದ್ರೂ ಹೇಳ್ಲಿ ವೇಯ್ನ್, ಹೆತ್ತವರ ಕಣ್ಣು ಹೆತ್ತವರ ಕಣ್ಣೇ. ನಿಂಗೇನಾದ್ರೂ ವ್ಯತ್ಯಾಸ ಕಾಣ್ತಾ?"

ಒಂದು ಮಾತು ಸಾಕಿತ್ತು. ಆ ಮಾತಿನ ಬೆನ್ನಿಗೆ ಆಗಸ್ಟಿನ ಗುಟ್ಟೂ ಹೊರಬೀಳುತ್ತಿತ್ತು. ಕೋಚ್ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಹೋಗುತ್ತಿದ್ದರು. ಊರು ತಿಂಗಳುಗಟ್ಟಲೆ ಆಡಿಕೊಳ್ಳುತ್ತಿತ್ತು.

"ಗುಂಡುಕಲ್ಲು ಇದ್ದಂಗಿದಾಳೆ," ಅಂದ ವೇಯ್ನ್. ಪೆನ್ನು ಇಸಿದುಕೊಂಡು ಸಹಿ ಹಾಕಿದ.

ಜೋಲೀನ್ ಬ್ರಿಟಾಳ ಬೆನ್ನು ತಟ್ಟಿ, ನಾಳೆ ಎರಡು ಗೋಲಿಗೆ ಕಮ್ಮಿ ಹೊಡೆದರೆ ನೋಡು ಎಂದು ಗದರಿ ಕಳಿಸಿದಳು. ಅಪ್ಪ ಮಗಳು ಶಾಲೆಯ ಪಡಸಾಲೆ ದಾಟಿ ನಡೆದರು. ರಿಂಕಿನ ಬಾಗಿಲ ಹತ್ತಿರ ಬ್ರಿಟಾ ನಿಂತಳು. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ತಮಾಷೆಯೂ ಇರಲಿಲ್ಲ.

"ಅಪ್ಪಾ, ಆಟದ ಮಧ್ಯೆ ಎರಡು ಸಲ ತಂಡಗಳು ಕಡೆ ಬದಲಾಯಿಸ್ತಾವಲ್ಲ," ಅಂದಳು. "ಆಗ ನೀನು ನಮ್ಮ ಬೆಂಚಿನ ಹಿಂದೇನೇ ನಿಂತ್ಕೊ. ಯಾವ ಕಡೆ ಗೋಲುಕಂಬ ನಮ್ಮದು ಅಂತ ಕೂಗಿ ಹೇಳು."