ಉಸಿರಾಡುವವರ ಠರಾವು

ಸಮಸ್ತ ಗ್ರಾಮಸ್ಥರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಪಂಚಾಯ್ತಿಯ ಮೈಕು ರಿಪೇರಿಯಾಗಿದೆ.

ಆ ಮೈಕಲ್ಲೇ ನಿಂಗಾಜಮ್ಮ ಗ್ರಾಮಸಭೆಗೆ ಕೆರೆ ಉಳಿಸಿ ಸಂಘದ ಅರ್ಜಿ ಓದಿದರು: "ನಮ್ಮ ಕೆರೆ ನೀರನ್ನ ಬಾಟ್ಲಿಗೆ ತುಂಬೋ ಕಂಪನಿ, 'ನಾನೂ ಒಬ್ಬ ಪ್ರಜೆ, ನಂಗೂ ಹಕ್ಕದೆ' ಅಂತದೆ. ಉಸಿರಾಡೋ ಮನುಷ್ಯರನ್ನ ಬಿಟ್ಟು ಇನ್ಯಾರಿಗೂ ಈ ಸಭೇಲಿ ಹಕ್ಕಿಲ್ಲ ಅಂತ ಠರಾವು ಮಾಡಿ."

ಜನ ಸಿಳ್ಳೆ ಹೊಡೆದರು. "ಬಾಯಾರಿಕೆನೇ ಆಗ್ದಿರೋನಿಗೆ ಕೆರೆ ಯಾಕ್ರಲಾ?" ಅಂತ ಹಿಂದಿನಿಂದ ಯಾರೋ ಕೂಗಿದರು.

ಕಂಪನಿಯ ಮ್ಯಾನೇಜರು ಎದ್ದ. "ಒಪ್ಪಿದೆ ಕಣಮ್ಮಾ. ಆದ್ರೆ ಈ ಅರ್ಜಿ ಕೊಟ್ಟಿರೋದು ಯಾರು?"

"ನಮ್ಮ ಸಂಘ."

"ಸಂಘ ಉಸಿರಾಡ್ತದಾ?"

ಸಭೆ ನಡೆಸುತ್ತಿದ್ದ ಅಧಿಕಾರಿ ಅರ್ಜಿಯನ್ನ ಹಿಂದೆಮುಂದೆ ತಿರುಗಿಸಿ ನೋಡಿದರು. "ಹೌದಲ್ಲ! ನಿಮ್ಮ ಮಾತಿನ ಪ್ರಕಾರ ಸಂಘಕ್ಕೂ ಹಕ್ಕಿಲ್ಲ. ಯಾರಾದ್ರೂ ಒಬ್ಬರು ಸ್ವಂತ ಹೆಸರಲ್ಲಿ ಸಹಿ ಹಾಕಿ, ಈಗ್ಲೇ ಪಾಸು ಮಾಡ್ತೀನಿ."

ನಿಂಗಾಜಮ್ಮ ಜನದ ಕಡೆ ನೋಡಿದರು. ಅವರ ಮಗನೂ ಸೇರಿ ಪ್ರತಿ ಮನೆಯಿಂದಲೂ ಒಬ್ಬರು ಕಂಪನೀಲಿ ಕೆಲಸಕ್ಕಿದ್ದರು. ಅದಕ್ಕೇ ಅಲ್ಲವೇ ಅರ್ಜಿ ಸಂಘದ ಹೆಸರಲ್ಲಿದ್ದಿದ್ದು.

ಮ್ಯಾನೇಜರು ತನ್ನ ಪೆನ್ನನ್ನೇ ಮುಂದೆ ಚಾಚಿದ. "ಬನ್ನಿ, ಯಾವ ಮನೆಯೋರು?"