ಮೂರನೇ ಉಗ್ರಾಣ

"ಈ ಹಡಗು ಹೊರಡೋ ಹಾಗಿಲ್ಲ," ಎಂದು ಹಡಗು ತಪಾಸಣೆಯ ಸರ್ವೇಯರು ಸಹಿ ಹಾಕದೆ ಕಾಗದಗಳನ್ನು ಪಕ್ಕಕ್ಕೆ ತಳ್ಳಿದರು.

ಎದುರಿಗಿದ್ದ ಕ್ಯಾಪ್ಟನ್ ನಕ್ಕ. ಹೊರಗಿನವನಲ್ಲ, ಸ್ವಂತ ಅಳಿಯ. "ಅರ್ಧ ಉಗ್ರಾಣ ಗೋಧಿಗೆ ಇಷ್ಟು ಹೆದರ್ತೀರಾ ಮಾವ?"

"ಅರ್ಧ ಇದೆ ಅಂತಲೇ ಹೆದರೋದು."

ಗೋಧಿ ಸುರಿಯುವ ಯಂತ್ರ ಕೆಟ್ಟು, ಹಡಗಿನ ಮೂರನೇ ಉಗ್ರಾಣ ಅರ್ಧಕ್ಕೇ ನಿಂತಿತ್ತು. ಕಾಳು ಜಾರದಂತೆ ಮೇಲೆ ಮೂಟೆ ಪೇರಿಸಬೇಕು. ಅದಕ್ಕೆ ವಾರ ಹಿಡಿಯುತ್ತದೆ. ಅಷ್ಟು ತಾಳ್ಮೆ ಕ್ಯಾಪ್ಟನ್ನನಿಗೆಲ್ಲಿ? ಬಾಗಿಲನ್ನು ದಢಾರನೆ ಎಳೆದುಕೊಂಡು ಹೋದ. ಬಿಸಿರಕ್ತ, ಎಂದುಕೊಂಡರು ಸರ್ವೇಯರು.

ಬಂದರಿನಲ್ಲಿ ಅವರಿಗೆ 'ತಕ್ಕಡಿ' ಎಂದೇ ಅಡ್ಡಹೆಸರು. ಯಾರ ಮುಲಾಜಿಗೂ ಕೂದಲೆಳೆಯಷ್ಟು ವಾಲಿದವರಲ್ಲ. ಆದರೆ ಅಳಿಯನ ಹಡಗು ಬಿಸಿತುಪ್ಪವಾಗಿತ್ತು; ನುಂಗುವಂತಿಲ್ಲ, ಉಗುಳುವಂತಿಲ್ಲ.

ಮಧ್ಯಾಹ್ನ ಮಗಳು ಬಂದಳು. ಮದುವೆಯಾದ ಮೇಲೆ ಒಬ್ಬಳೇ ಬಂದದ್ದು ಇದೇ ಮೊದಲು. ಆ ಸೆಕೆಯಲ್ಲೂ ಮಣಿಕಟ್ಟು ಮುಚ್ಚುವಷ್ಟು ಉದ್ದದ ತೋಳು. ತುಟಿ ಊದಿತ್ತು. "ಬಚ್ಚಲಲ್ಲಿ ಜಾರಿದೆ," ಎಂದಳು, ಅವರು ಕೇಳುವ ಮೊದಲೇ.

"ಸಹಿ ಹಾಕಿಬಿಡಿ ಅಪ್ಪ."

"ಗಂಡ ಕಳಿಸಿದನಾ?"

"ಇಲ್ಲ. ನಾನು ಬಂದಿದ್ದು ಅವರಿಗೆ ಗೊತ್ತಾಗೋದು ಬೇಡ."

ಗಂಡನ ಮೇಲೆ ಎಷ್ಟು ಮಮತೆ ಎಂದು ಅವರ ಕರುಳು ಚುರ್ ಎಂದಿತು. ಮೇಜಿನ ಮೇಲಿದ್ದ ಗೋಧಿಯ ಗಾಜಿನ ಡಬ್ಬಿ ಎತ್ತಿ ವಾಲಿಸಿ ತೋರಿಸಿದರು. "ನೋಡು. ದೊಡ್ಡ ಅಲೆಗೆ ಹಡಗು ವಾಲಿದರೆ ಕಾಳೆಲ್ಲ ಒಂದೇ ಕಡೆಗೆ ಜಾರುತ್ತೆ. ಹಡಗು ನೆಟ್ಟಗಾಗೋಕೆ ನೋಡಿದ್ರೂ ಭಾರ ಬಿಡಲ್ಲ. ಇನ್ನೊಂದು ಅಲೆ ಹೊಡೆದರೆ ಮಗುಚಿಬಿಡುತ್ತೆ."

"ಖಂಡಿತನಾ?"

"ಸಮುದ್ರ ಸುಮ್ಮನಿದ್ರೆ ಬಚಾವ್. ಇಲ್ಲ ಅಂದ್ರೆ, ಹತ್ತಿದವರು ಯಾರೂ ತಿರುಗಿ ಬರಲ್ಲ ಮಗಳೇ."

ಅವಳು ಡಬ್ಬಿ ಇಸಿದುಕೊಂಡು ತಾನೂ ವಾಲಿಸಿದಳು. ಮತ್ತೆ ವಾಲಿಸಿದಳು.

"ಹಡಗು ನಿಂತುಹೋದ್ರೆ ನಾನು ಆ ಮನೇಲಿ ಬದುಕೋಕಾಗಲ್ಲ ಅಪ್ಪ."

ಅಳಿಯನ ಮುನಿಸು, ಮನೆಮಂದಿಯ ಮೂದಲಿಕೆ ಅವರ ಕಣ್ಣಮುಂದೆ ಬಂದವು. ಹುಟ್ಟಿದಾಗಿನಿಂದ ಒಂದು ರಿಬ್ಬನ್ನಿಗೂ ಹಟ ಹಿಡಿಯದ ಮಗಳು. ಹವಾಮಾನದವರು ಸಮುದ್ರ ಶಾಂತ ಎಂದಿದ್ದರು. ಹಾಳಾಗಲಿ ಎಂದು, ಮೂರನೇ ಉಗ್ರಾಣ ಪೂರ್ತಿ ತುಂಬಿದೆಯೆಂದೇ ಲೆಕ್ಕ ಬರೆದು ಸಹಿ ಹಾಕಿದರು. ತಕ್ಕಡಿ ಮೊದಲ ಸಲ ವಾಲಿತ್ತು.

ಆ ವಾರವೇ ಗಾಳಿ ಎದ್ದಿತು. ಹಡಗು ಎಡಕ್ಕೆ ವಾಲಿತು, ಏಳಲಿಲ್ಲ, ಮಗುಚಿತು. ಸುದ್ದಿ ಕೇಳಿದ ಸರ್ವೇಯರು ಕಚೇರಿಯ ನೆಲದ ಮೇಲೇ ಕುಸಿದರು. ಪ್ರತಿ ತಪಾಸಣೆಗೂ ಕೇಳದೆಯೇ ಚಹಾ ತಂದುಕೊಡುತ್ತಿದ್ದ ಅಡುಗೆಯವನು ಹೋದ. ಮಗಳ ಮದುವೆ ಇಟ್ಟುಕೊಂಡಿದ್ದ ಎಂಜಿನ್ ಮೇಸ್ತ್ರಿ ಹೋದ. ಸಹಿ ಹಾಕಿದ ಕೈಯನ್ನು ಕಡಿದು ಬಿಸಾಡೋಣ ಎನಿಸಿತು.

ಸಂಜೆ ಇನ್ನೊಂದು ಸುದ್ದಿ ಬಂತು. ಎಲ್ಲರಿಗಿಂತ ಮೊದಲೇ ದೋಣಿಗೆ ಹಾರಿದ್ದ ಕ್ಯಾಪ್ಟನ್ ಒಬ್ಬನೇ ಬದುಕುಳಿದಿದ್ದ.

ಸರ್ವೇಯರು ಓಡಿದರು. ಅಷ್ಟು ಹೆಣಗಳ ನಡುವೆ ಹಿಡಿದುಕೊಳ್ಳಲು ಅವರಿಗಿದ್ದದ್ದು ಅದೊಂದೇ. ಮಗಳ ಮನೆಯ ಕಿಟಕಿಗಳೆಲ್ಲ ತೆರೆದಿದ್ದವು. ಹಡಗು ಮುಳುಗಿದ್ದು ಅವಳಿಗೂ ತಿಳಿದಿತ್ತು, ಆದರೆ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಪಾಪ, ದುಃಖಕ್ಕೆ ಕಲ್ಲಾಗಿದ್ದಾಳೆ, ಎಂದುಕೊಂಡರು.

"ಮಗಳೇ, ನಿನ್ನ ಗಂಡ ಬದುಕಿದ್ದಾನೆ! ನಾಳೆ ಮನೆಗೆ ಬರ್ತಾನೆ!"

ಅವಳು ಎದ್ದು ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದಳು. ಆಮೇಲೆ ಗೋಡೆಗೆ ಒರಗಿ, ಅಪ್ಪನ ಮುಖ ನೋಡುತ್ತ ಕೇಳಿದಳು:

"ಯಾರೂ ತಿರುಗಿ ಬರಲ್ಲ ಅಂತ ನೀವೇ ಹೇಳಿದ್ರಲ್ಲಪ್ಪಾ?"