ಬೆರಳಿನ ಟೊಪ್ಪಿ

ಕತ್ತು-ಬೆನ್ನಿನ ಮೂಳೆ ಸರಿಪಡಿಸುವ ಕೈರೋಪ್ರ್ಯಾಕ್ಟರನ ಎರಡು ಅಂಗೈಗಳ ನಡುವೆ ದರ್ಜಿಯ ತಲೆ ಇತ್ತು. ಇನ್ನು ಕತ್ತು ತಿರುಗಿಸುವುದೊಂದೇ ಬಾಕಿ. ಅಂಗಾತ ಮಲಗಿದ್ದ ಅವಳು ಹಲ್ಲು ಕಚ್ಚಿ ಆ ‘ಲಟಕ್’ ಸದ್ದಿಗಾಗಿ ಕಾದಳು. ಕತ್ತುನೋವಿಗೆ ಇವರ ಹತ್ತಿರ ಹೋಗಲೋ ಬೇಡವೋ ಎಂದು ಮೂರು ತಿಂಗಳು ಮೀನಮೇಷ ಎಣಿಸಿ, ಕೊನೆಗೆ ತಂಗಿಯ ಕಾಟ ತಾಳಲಾರದೆ ಬಂದಿದ್ದಳು. ಕೈ ಜೋಮು ಹಿಡಿಯುತ್ತದೆಯೇ ಎಂದು ಆತ ಕೇಳಿದಾಗ ‘ಇಲ್ಲ’ ಎಂದಿದ್ದಳು. ಹೌದೆಂದರೆ ಹೊಲಿಗೆ ನಿಲ್ಲಿಸಿ ಎಂದುಬಿಟ್ಟಾರೆಂಬ ಭಯ.

ಲಟಕ್ ಎನ್ನಲಿಲ್ಲ. ಆತ ಅವಳ ತಲೆಯನ್ನು ಮೆಲ್ಲಗೆ ದಿಂಬಿಗಿಳಿಸಿದ.

“ಬೆರಳಲ್ಲಿ ಇದೇನಮ್ಮ?”

“ಯಾವುದು?” ಎಂದು ಅವಳು ಬಲಗೈ ಎತ್ತಿ ನೋಡಿದಳು. ಸೂಜಿ ಚುಚ್ಚದಿರಲೆಂದು ಹೊಲಿಯುವಾಗ ಹಾಕಿಕೊಳ್ಳುವ ಹಿತ್ತಾಳೆಯ ಟೊಪ್ಪಿ ನಡುಬೆರಳಿನ ತುದಿಯಲ್ಲೇ ಕೂತಿತ್ತು. “ಅಯ್ಯೋ, ಬೆಳಿಗ್ಗೆ ಅಂಗಡೀಲಿ ಹಾಕ್ಕೊಂಡಿದ್ದು. ತೆಗೆದಿಟ್ಟೆ ಅಂದ್ಕೊಂಡಿದ್ದೆ.”

“ಬೆಳಿಗ್ಗೆಯಿಂದ ಗೊತ್ತೇ ಆಗ್ಲಿಲ್ವಾ?”

ಆತ ಟೊಪ್ಪಿ ಕಳಚಿ ಬೆರಳ ತುದಿಯನ್ನು ಬಲವಾಗಿ ಚಿವುಟಿದ. ಅವಳು ಕಣ್ಣು ಕೂಡ ಮಿಟುಕಿಸಲಿಲ್ಲ.

“ಇವತ್ತು ನಿಮ್ಮ ಕತ್ತು ನಾನು ತಿರುಗಿಸಲ್ಲ. ಮೊದಲು ನರದ ಡಾಕ್ಟರ್ ಹತ್ರ ಹೋಗಿ, ಸ್ಕ್ಯಾನ್ ಮಾಡ್ಸಿ. ಅವರು ಸರಿ ಅಂದ್ರೆ ಮಾತ್ರ ಇಲ್ಲಿಗೆ ಬನ್ನಿ,” ಎಂದು ಚೀಟಿ ಬರೆದುಕೊಟ್ಟ.

ಹೊರಗೆ ಬೆಂಚಿನ ತುದಿಯಲ್ಲಿ ಕೂತಿದ್ದ ತಂಗಿ ದಡಬಡಿಸಿ ಎದ್ದಳು. “ಏನಕ್ಕಾ, ಲಟಕ್ ಅನ್ನಿಸಿದ್ರಾ?”

“ಇಲ್ಲ ಕಣೇ, ವಾಪಸ್ ಕಳಿಸಿದ್ರು.”

“ಹಾಗಾದ್ರೆ ಬೇರೆ ಯಾರನ್ನಾದ್ರೂ ಹುಡುಕೋಣ್ವಾ?”

ಅಕ್ಕ ಟೊಪ್ಪಿಯನ್ನು ಪರ್ಸಿಗೆ ಹಾಕಿ, ಜಿಪ್ ಎಳೆದಳು.

“ಬೇಡ. ಕತ್ತು ಕೊಡೋದಾದ್ರೆ ಇವರ ಕೈಗೇ ಕೊಡೋದು.”